ಬೀಗ ಬಿದ್ದ ಚಿತ್ರಮಂದಿರ ನೆಲಸಮವಾಗುವ ಮುನ್ನ

ಗೆ,
ಆಯುಕ್ತರು, ಬೆಂಗಳೂರು ಪಶ್ಚಿಮ ನಗರ ಪಾಲಿಕೆ
ನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ

ವಿಷಯ: ಮುಚ್ಚಿದ ಹಳೆಯ ಚಿತ್ರಮಂದಿರಗಳನ್ನು ರಂಗಮಂದಿರಗಳಾಗಿ ಉಳಿಸಿಕೊಳ್ಳುವ ಕುರಿತು

ಮಾನ್ಯರೇ,

ಗಾಂಧಿನಗರದಲ್ಲಿ 1968ರಲ್ಲಿ ತೆರೆದ ಕಪಾಲಿ ಚಿತ್ರಮಂದಿರ 2017ರಲ್ಲಿ ನೆಲಸಮವಾಯಿತು. 1974ರಲ್ಲಿ ಶುರುವಾದ ಸ್ಯಾಂಕಿ ರಸ್ತೆಯ ಕಾವೇರಿ, ಐವತ್ತು ತುಂಬಿದ 2024ರಲ್ಲೇ ಬಾಗಿಲು ಹಾಕಿತು. ಸುದ್ದಿ ತಿಳಿದಾಗ ನಮ್ಮಂಥವರಿಗೆ ಉಳಿದಿದ್ದು ಗೇಟಿನ ಮುಂದೆ ನಿಂತು ಫೋಟೊ ತೆಗೆದುಕೊಳ್ಳುವುದಷ್ಟೇ.

ನಮ್ಮ ಪಶ್ಚಿಮ ಭಾಗದಲ್ಲಿ ರಾಜಾಜಿನಗರದ ನವರಂಗ್, ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಮುಂದೆ ಸ್ಟಾರ್ ಸಿನಿಮಾ ಬಿಡುಗಡೆಯಾದರೆ ಈಗಲೂ ಕಟೌಟ್ ಏಳುತ್ತದೆ, ಪಟಾಕಿ ಸಿಡಿಯುತ್ತದೆ. ಅವು ನೂರ್ಕಾಲ ನಡೆಯಲಿ. ಆದರೆ ನಾಳೆ ಇಲ್ಲಿನ ಯಾವುದೇ ಚಿತ್ರಮಂದಿರಕ್ಕೆ ಬೀಗ ಬಿದ್ದರೆ ಏನು ಮಾಡಬೇಕೆಂಬುದನ್ನು ಇಂದೇ ಗೊತ್ತುಮಾಡಿಕೊಳ್ಳಿ ಎಂಬುದು ನಮ್ಮ ಅಹವಾಲು.

ಮಾಲೀಕರನ್ನು ದೂರಿ ಫಲವಿಲ್ಲ. ವಾರದ ದಿನ ಖಾಲಿ ಕುರ್ಚಿಗಳಿಗೆ ಆಟ ತೋರಿಸಿ ಕರೆಂಟ್ ಬಿಲ್ಲು, ಸಂಬಳ, ಆಸ್ತಿ ತೆರಿಗೆ ಕಟ್ಟುವವರಿಗೆ ಜಾಗದ ಬೆಲೆಯೇ ದೊಡ್ಡ ಆಮಿಷ. ಕೆಡವದಿರಲು ಅವರಿಗೊಂದು ಲಾಭದ ಕಾರಣ ಬೇಕು.

ಕಟ್ಟಡವಂತೂ ಅರ್ಧ ಸಿದ್ಧವಾಗಿಯೇ ಇರುತ್ತದೆ. ಹಿಂದಿನ ಸಾಲಿಗೂ ಕಾಣುವಂಥ ಇಳಿಜಾರು ನೆಲ, ಬಾಲ್ಕನಿ, ಅಗಲವಾದ ಹೊರಬಾಗಿಲುಗಳು, ವಾಹನ ನಿಲ್ಲಿಸಲು ಜಾಗ. ಕೊರತೆಯಿರುವುದು ಪರದೆಯ ಹಿಂದೆ: ಅಲ್ಲಿ ಕೆಲವೇ ಅಡಿ ಜಾಗ. ಮುಂದಿನ ನಾಲ್ಕೈದು ಸಾಲು ಕಿತ್ತು ವೇದಿಕೆ ಮುಂಚಾಚಬೇಕು. ಸೈಡ್ ವಿಂಗ್, ಗ್ರೀನ್ ರೂಮ್, ದೀಪ ತೂಗುಹಾಕುವ ಪೈಪು ಹೊಂದಿಸಬೇಕು. ಖರ್ಚಿನ ಕೆಲಸ ನಿಜ, ಆಗದ ಕೆಲಸವಲ್ಲ. 1993ರಲ್ಲಿ ಮುಚ್ಚಿ ಪಾಳುಬಿದ್ದಿದ್ದ ಮುಂಬೈನ ರಾಯಲ್ ಒಪೆರಾ ಹೌಸ್ ದುರಸ್ತಿಯಾಗಿ 2016ರಲ್ಲಿ ಕಲೆಗೇ ಮರಳಿತು. ನಮ್ಮ ಬ್ರಿಗೇಡ್ ರಸ್ತೆಯ ಒಪೆರಾ ಹೌಸ್ 2018ರಲ್ಲಿ ಜೀರ್ಣೋದ್ಧಾರ ಕಂಡಿತು. ಒಳಗೆ ಬಂದದ್ದು ಮೊಬೈಲ್ ಕಂಪನಿಯ ಮಳಿಗೆ. ಗೋಡೆ ಉಳಿಯಿತು, ರಂಗ ಉಳಿಯಲಿಲ್ಲ.

ನಮ್ಮ ಭಾಗದಲ್ಲಿ ರಂಗಮಂದಿರಗಳೇ ಇಲ್ಲವೆಂದಲ್ಲ; ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರ, ಮಲ್ಲತ್ತಹಳ್ಳಿಯ ಕಲಾಗ್ರಾಮ ಇವೆ. ಆದರೂ ಒಂದು ಒಳ್ಳೆಯ ನಾಟಕಕ್ಕೆ ಕೆಂಗೇರಿಯವರು ರವೀಂದ್ರ ಕಲಾಕ್ಷೇತ್ರಕ್ಕೋ ಜೆ.ಪಿ. ನಗರದ ರಂಗಶಂಕರಕ್ಕೋ ಹೋಗಿ, ಟ್ರಾಫಿಕ್ಕಿನಲ್ಲಿ ಮೊದಲ ದೃಶ್ಯವನ್ನೇ ಕಳೆದುಕೊಳ್ಳುವುದು ತಪ್ಪಿಲ್ಲ.

ಆದ್ದರಿಂದ ನಮ್ಮ ಕೋರಿಕೆ:

1. ಪಾಲಿಕೆ ವ್ಯಾಪ್ತಿಯ ಏಕಪರದೆ ಚಿತ್ರಮಂದಿರಗಳ ಪಟ್ಟಿ ಮಾಡಿ, ಕಟ್ಟಡಗಳ ಸ್ಥಿತಿ ಪ್ರಕಟಿಸಿ.

2. ಕೆಡವಲು ಅನುಮತಿ ಕೊಡುವ ಮುನ್ನ ಆರು ತಿಂಗಳ ಸಾರ್ವಜನಿಕ ನೋಟಿಸ್ ಕಡ್ಡಾಯವಾಗಲಿ.

3. ಸಭಾಂಗಣವನ್ನು ಕಲೆಗೆ ಉಳಿಸಿಕೊಳ್ಳುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗಲಿ.

4. ಅಂಥ ಸಭಾಂಗಣವನ್ನು ಇಲಾಖೆ ವರ್ಷಕ್ಕೆ ನೂರು ದಿನವಾದರೂ ಮುಂಗಡ ಬಾಡಿಗೆಗೆ ಹಿಡಿದು, ಹವ್ಯಾಸಿ ತಂಡಗಳಿಗೆ, ಶಾಲೆಗಳಿಗೆ ಕಡಿಮೆ ದರದಲ್ಲಿ ಕೊಡಲಿ.

ನಾಲ್ಕನೆಯದೇ ಮುಖ್ಯ. ಸರ್ಕಾರ ಕಟ್ಟಡ ಕೊಳ್ಳಬೇಕಿಲ್ಲ, ಖಾಯಂ ಗಿರಾಕಿಯಾದರೆ ಸಾಕು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಹಣ ತೆಗೆದಿರಿಸುವಿರೋ ಇಲ್ಲವೋ, ಲಿಖಿತ ಉತ್ತರ ಕೊಡಿ.

ಇಂತಿ,
ರಾಜಾಜಿನಗರದ ಒಬ್ಬ ನಿವಾಸಿ