ಸೀಸನ್ ಊರೋ, ಸಂತೆ ಊರೋ?

ಸರ್ವೀಸು ಮುಗಿದರೆ ಲೈನು ಮನೆ ಬಿಡಬೇಕು. ನೀಲಗಿರಿ, ವೈನಾಡಿನ ಎಸ್ಟೇಟುಗಳಲ್ಲಿ ದುಡಿಯುವ ನಮ್ಮ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇಲ್ಲ. ಊರಿಗೆ ಹೋಗೋಣವೆಂದರೆ ತಾಳವಾಡಿ, ಗುಂಡ್ಲುಪೇಟೆ ಕಡೆಯ ಹೊಲ ನಮ್ಮಲ್ಲಿ ಅನೇಕರಿಗೆ ಅಜ್ಜನ ಕಾಲದಲ್ಲೇ ಕೈಬಿಟ್ಟಿದೆ. ಆದ್ದರಿಂದ ಈಗ ಲೈನುಗಳಲ್ಲಿ ಒಂದೇ ಮಾತು: "ಬಂದ ದುಡ್ಡಿನಲ್ಲಿ ಊಟಿಯಲ್ಲಿ ಒಂದು ಅಂಗಡಿ ಹಾಕಿಬಿಡೋಣ, ಟೂರಿಸ್ಟರು ಬರುತ್ತಾರೆ." ಅಂಗಡಿಯ ಆಸೆಗೆ ನಾವು ಅಡ್ಡ ಬರುವುದಿಲ್ಲ. ಊಟಿಯ ಆಸೆಗೆ ಬರುತ್ತೇವೆ.

ಮೊದಲು ಲೆಕ್ಕ ನೋಡೋಣ. ಒಂದು ವರ್ಷದ ಸರ್ವೀಸಿಗೆ 15 ದಿನದ ಕೂಲಿ, ಇದು ಗ್ರಾಚ್ಯುಯಿಟಿ. 30 ವರ್ಷ ಸೊಪ್ಪು ಕಿತ್ತ ತಾಯಿಗೆ 450 ದಿನದ ಕೂಲಿ ಬರುತ್ತದೆ. ದಿನಕ್ಕೆ 450 ರೂಪಾಯಿ ಎಂದಿಟ್ಟುಕೊಂಡರೆ 2,02,500. ಪಿ.ಎಫ್. ಬೇರೆ, ಅದು ಹಳೆಯ ಸಾಲಕ್ಕೆ ಹೋಗುವುದೇ ಹೆಚ್ಚು. ಅಂಗಡಿಯ ಬಾಡಿಗೆ ತಿಂಗಳಿಗೆ 8,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸು ಕೇಳಿದರೆ 80,000 ಅಲ್ಲೇ ಹೋಯಿತು. ವರ್ಷದ ಬಾಡಿಗೆ 96,000, ವ್ಯಾಪಾರ ಆದರೂ ಸರಿ, ಆಗದಿದ್ದರೂ ಸರಿ. ಇನ್ನೂ ಸರಕು ತಂದಿಲ್ಲ, ತಲೆಯ ಮೇಲೆ ಸೂರು ಹುಡುಕಿಲ್ಲ.

ಊಟಿಯ ದೊಡ್ಡ ಸೀಸನ್ನು ಏಪ್ರಿಲ್, ಮೇ. ಹೂವಿನ ಪ್ರದರ್ಶನ ಮುಗಿದು ಮಳೆ ಹಿಡಿದರೆ ಜನ ಇಳಿದುಹೋಗುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಂದಿಷ್ಟು ಜನ. ಬಾಡಿಗೆಗೆ ಮಾತ್ರ ಹನ್ನೆರಡು ತಿಂಗಳೂ ಸೀಸನ್ನು.

ಅದೂ ಹೋಗಲಿ, ಟೂರಿಸ್ಟರು ಬರುವುದು ಬಿಡುವುದು ನಮ್ಮ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. 2020ರಲ್ಲಿ ಕೊರೋನಾ ಬಂತು, ಸೀಸನ್ನೇ ಇಲ್ಲವಾಯಿತು. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟಿನ ಆಜ್ಞೆಯಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಬಂತು. 2025ರ ಸೀಸನ್ನಿನಲ್ಲಿ ದಿನಕ್ಕೆ 6,000, ಶನಿವಾರ ಭಾನುವಾರ 8,000 ವಾಹನ ಎಂಬ ಮಿತಿಯೂ ಬಂತು. ಬೆಟ್ಟ ಉಳಿಯಲು ಇದು ಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಕಟ್ಟಕಡೆಯ ರೂಪಾಯಿಯನ್ನು ಅಂಗಡಿಗೆ ಹಾಕಿದವನಿಗೆ ಅದು ಬೇರೆಯಾಗಿ ಕಾಣುತ್ತದೆ. ಮಸಿನಗುಡಿ ಸುತ್ತಲಿನ ಆನೆದಾರಿಯ ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಬೀಗ ಬಿತ್ತು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದು ನಮ್ಮಂಥ ಎಸ್ಟೇಟ್ ಕುಟುಂಬಗಳೇ ಮಣ್ಣಾದವು. ಆ ದುಃಖದ ಮುಂದೆ ವ್ಯಾಪಾರದ ಮಾತು ಸಣ್ಣದು. ಆದರೂ ಹೇಳಬೇಕು, ಗುಡ್ಡ ಜರಿಯದ ಊರುಗಳಿಗೂ ಆಮೇಲೆ ಟೂರಿಸ್ಟರು ಬರಲು ಹೆದರಿದರು.

ಹಾಗಾದರೆ ಎಲ್ಲಿ? ಟೂರಿಸ್ಟರು ಹಾದುಹೋಗುವ, ಆದರೆ ಅವರನ್ನೇ ನಂಬಿ ಬದುಕದ ಊರಿನಲ್ಲಿ ಎನ್ನುತ್ತೇವೆ. ಕೋತಗಿರಿಯನ್ನು ನೋಡಿ. ಕೊಡನಾಡು ನೋಡಲು ಬಂದವರು ಅಲ್ಲಿ ಚಹಾ ಕುಡಿಯುತ್ತಾರೆ, ಸಂತೋಷ. ಪೇಟೆ ನಡೆಯುವುದು ಸುತ್ತಲ ಬಡಗರ ಹಟ್ಟಿಗಳಿಂದ, ಚಹಾ ತೋಟಗಳಿಂದ. ಬಡಗರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಗಿರಾಕಿಯ ಜೊತೆ ನಾಲಗೆ ತಡವರಿಸುವುದಿಲ್ಲ. ಗೂಡಲೂರಂತೂ ಮೂರು ರಾಜ್ಯದ ದಾರಿ ಕೂಡುವ ಪೇಟೆ. ಮೈಸೂರಿನಿಂದ ಊಟಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ. ಸುತ್ತಲೂ ಎಸ್ಟೇಟುಗಳು. ಸೊಪ್ಪು ಕೀಳುವವರಿಗೆ ಮಳೆಗಾಲದಲ್ಲೇ ಕೊಡೆ ಬೇಕು, ಬೂಟು ಬೇಕು, ಮೈಗೆ ಸುತ್ತುವ ಶೀಟು ಬೇಕು. ಊಟಿ ಮಲಗುವ ತಿಂಗಳಲ್ಲಿ ಈ ಅಂಗಡಿ ಎದ್ದಿರುತ್ತದೆ. ಎಸ್ಟೇಟಿನವರಿಗೆ ಏನು ಬೇಕೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೂಡಲೂರು, ಪಂದಲೂರಿನಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ಲಿ ಜನ್ಮಂ ಭೂಮಿಯ ತಕರಾರು 1969ರ ಕಾನೂನು ಬಂದರೂ ತೀರಿಲ್ಲ. ಪಟ್ಟಾ ಇಲ್ಲದ ಜಾಗ ಬಹಳ. ಕಟ್ಟಡಕ್ಕೆ ನಂಬರು ಇದೆಯೇ, ಕರೆಂಟು ಯಾರ ಹೆಸರಿನಲ್ಲಿದೆ ಎಂದು ನೋಡದೆ ಅಡ್ವಾನ್ಸು ಕೊಡಬೇಡಿ. ಇನ್ನು ನೀರಿನ ಬಾಟಲಿ ಮಾರಿ ಬದುಕುತ್ತೇವೆ ಎನ್ನುವವರಿಗೆ: 2019ರಿಂದ ನೀಲಗಿರಿಯಲ್ಲಿ ಸಣ್ಣ ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವಂತಿಲ್ಲ.

ಜುಲೈ ತಿಂಗಳ ಒಂದು ಮಂಗಳವಾರ, ಮಳೆಯಲ್ಲಿ, ಆ ಬೀದಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು ಎಷ್ಟು ಜನ ಅಂಗಡಿ ಹತ್ತಿದರು ಎಂದು ಎಣಿಸಿ. ಮೇ ತಿಂಗಳಲ್ಲಿ ಹೋಗಿ ಎಣಿಸುವುದು ನಮ್ಮನ್ನು ನಾವೇ ಮೋಸ ಮಾಡಿಕೊಂಡಂತೆ. ಎಸ್ಟೇಟಿನವರು ಪೇಟೆಗೆ ಬರುವುದು ಭಾನುವಾರ. ಆರಾಧನೆಯ ಹೊತ್ತಿಗೆ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದನ್ನೂ ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಲಿ.

ಕಡೆಯದಾಗಿ, ಹುಡುಗರಿಗೆ ಸಿಟ್ಟು ಬಂದರೂ ಹೇಳುತ್ತೇವೆ. ಬಹಳ ಮನೆಗಳಲ್ಲಿ ದುಡ್ಡು ತಾಯಿಯದು, ಅಂಗಡಿಯ ಕನಸು ಮಗನದು. ಕರಾರು ಪತ್ರ, ಅಡ್ವಾನ್ಸಿನ ರಸೀದಿ, ಲೈಸೆನ್ಸು ಮೂರೂ ತಾಯಿಯ ಹೆಸರಿನಲ್ಲೇ ಇರಲಿ. ಗ್ರಾಚ್ಯುಯಿಟಿಯಲ್ಲಿ ಕಾಲು ಭಾಗವನ್ನು ಅಂಗಡಿಗೆ ಮುಟ್ಟಿಸದೆ ಪೋಸ್ಟಾಫೀಸಿನಲ್ಲಿ ಇಡಲಿ.