ಬೋಹೋ ಅಲ್ಲ, ಫೇಟಿಯಾ ಅನ್ರಿ

ಹೋದ ವರ್ಷ ನಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ ಇಟ್ಟಿದ್ರು. ಬೆಂಗಳೂರಿನ ಹೊರವಲಯದ ಮೈದಾನ, ಎಲ್‌ಇಡಿ ಪರದೆ, ಫ್ಯೂಷನ್ ಬ್ಯಾಂಡು. ಹಾಡೋರಿಗೆ, ಕುಣಿಯೋರಿಗೆ ಬಟ್ಟೆ ಹೊಂದಿಸೋ ಸ್ಟೈಲಿಸ್ಟ್ ಜೊತೆ ಓಡಾಡೋ ಕೆಲಸ ನನ್ನ ಪಾಲಿಗೆ ಬಂತು. ಅವರ ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು: 'ಟ್ರೈಬಲ್ ಬೋಹೋ ಜಾಕೆಟ್, 12'.

ಗ್ರೀನ್ ರೂಮಿನಲ್ಲಿ ಚೀಲ ಬಿಚ್ಚಿದೆ. ಅದು ಲಂಬಾಣಿ ಹೆಣ್ಣುಮಕ್ಕಳ ಹಳೇ ಫೇಟಿಯಾ. ನಮ್ಮ ಮಸ್ಕಿ, ಲಿಂಗಸುಗೂರು ಕಡೆ ತಾಂಡಾಗಳಲ್ಲಿ ಉಡೋ ಕಸೂತಿ ಲಂಗ. ಸೊಂಟದ ಪಟ್ಟಿ ಕತ್ತರಿಸಿ ಕಾಲರ್ ಮಾಡಿದ್ರು. ಕನ್ನಡಿ ಒಡೆದ ಕಡೆ ಗೋಂದು ಹಚ್ಚಿ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ್ರು.

"ಇದನ್ನ ಹೊಲಿದೋರು ಯಾರು?" ಅಂದೆ.

"ವೆಂಡರ್."

"ವೆಂಡರ್ ಮಾರಿದೋರು. ಹೊಲಿದೋರು?"

"ಬ್ರೋ, ಶೋ ಸಂಜೆ ಆರಕ್ಕೆ."

ಕೊನೆಗೆ ಪರದೆ ಮೇಲೆ ಹೆಸರುಗಳು ಹೋದವು. ಸೌಂಡು, ಲೈಟು, ಡ್ರೋನ್ ಹಾರಿಸಿದವನು, ಸ್ಟೈಲಿಸ್ಟು, ಅವರ ಅಸಿಸ್ಟೆಂಟು, ಕೇಟರಿಂಗು. ಹೊಲಿದವಳ ಹೆಸರು ಬಿಡಿ, 'ಲಂಬಾಣಿ' ಅನ್ನೋ ಪದವೂ ಇರಲಿಲ್ಲ. ಕೇಳಿದ್ದಕ್ಕೆ, ಇದು ಬರೀ ಇನ್‌ಸ್ಪಿರೇಷನ್ ಅಂದ್ರು. ನೋಡಿ ಬಂದು ನಿಮ್ಮದೇ ಒಂದು ಮಾಡಿದ್ರೆ ಅದು ಇನ್‌ಸ್ಪಿರೇಷನ್. ಇಲ್ಲಿ ಬಟ್ಟೆನೇ ಎತ್ಕೊಂಡು ಬಂದಿದ್ರಲ್ಲ!

ನಮ್ಮೂರ ಜಾತ್ರೆ ನಾಟಕದ ಕರಪತ್ರ ನೋಡಿ ಒಂದ್ಸಲ. ಸಿಂಧನೂರಿನ ಪ್ರೆಸ್ಸಿನಲ್ಲಿ ಅಚ್ಚಾದ ಗುಲಾಬಿ ಹಾಳೆ. ಪಾತ್ರಧಾರಿಗಳ ಹೆಸರಿನ ಕೆಳಗೆ ರಂಗಸಜ್ಜಿಕೆಯವನ ಹೆಸರು, ಜೊತೆಗೆ ಮೊಬೈಲ್ ನಂಬರು. ಬಿಟ್ಟರೆ ಮರುದಿನ ಕಟ್ಟೆ ಮೇಲೆ ಜಗಳ. ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯವರು ಸ್ವಲ್ಪ ಜಂಬ ಪಡಬಹುದು. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಬಂಡೆ ಮೇಲೆ ಕಂಡ ಶಾಸನದಲ್ಲಿ 'ಅಶೋಕ' ಅಂತ ಕೊರೆದಿತ್ತು. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ಬಿರುದು, ದೇವಾನಾಂಪ್ರಿಯ ಪ್ರಿಯದರ್ಶಿ. ಚಕ್ರವರ್ತಿಯದೇ ಈ ಕಥೆ, ತಾಂಡಾದ ಹೆಣ್ಣುಮಗಳದ್ದು ಕೇಳೋರ್ಯಾರು?

ವಸ್ತ್ರ ವಿನ್ಯಾಸ ಸಣ್ಣ ಕೆಲಸ ಅಂತ ನಾನು ಹೇಳ್ತಿಲ್ಲ. 'ತಾಯಿ ಸಾಹೇಬ' ಚಿತ್ರದ ಉಡುಪಿಗೆ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕೊಲ್ಹಾಪುರದ ಭಾನು ಅಥೈಯಾ 'ಗಾಂಧಿ'ಗೆ 1983ರಲ್ಲಿ ಆಸ್ಕರ್ ತಂದರು. ಪರದೆ ಮೇಲೆ ಹೆಸರು ಬರೋದಕ್ಕೆ ಎಷ್ಟು ಬೆಲೆ ಅನ್ನೋದು ಈ ವೃತ್ತಿಗೆ ಚೆನ್ನಾಗಿ ಗೊತ್ತು. ಅಂಥವರೇ ಇನ್ನೊಬ್ಬರ ಹೆಸರು ನುಂಗಿದರೆ ಸಿಟ್ಟು ಬರಲ್ವಾ?

ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆ ಹೊತ್ತಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಸೇರಿ ಮಾಡಿದ 1,755 ಕಸೂತಿಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯ್ತು. ಪೇಪರಿನಲ್ಲೆಲ್ಲ ಬಂದಿತ್ತು. ಆದರೆ ಜಿಐ ಕಾಯೋದು ಹೆಸರನ್ನ. ಬೇರೆ ಮಾಲಿಗೆ 'ಸಂಡೂರು ಲಂಬಾಣಿ' ಅಂತ ಹಚ್ಚಿ ಮಾರಿದ್ರೆ ಕೇಸು ಹಾಕಬಹುದು. ಹೆಸರೇ ಕಿತ್ತು 'ಟ್ರೈಬಲ್ ಬೋಹೋ' ಅಂದುಬಿಟ್ರೆ ಜಿಐ ಏನೂ ಮಾಡಲ್ಲ. ಆ ಪದ ಅಜ್ಞಾನದಿಂದ ಬಂದದ್ದಲ್ಲ ಕಣ್ರೀ, ಅನುಕೂಲಕ್ಕೆ ಬಂದದ್ದು. ನಾವು ಕೋಡ್ ಬರೆಯೋರು ಪುಕ್ಕಟೆ ಸಿಗೋ ಲೈಬ್ರರಿ ಬಳಸಿದ್ರೂ ಎಂಐಟಿ ಲೈಸೆನ್ಸಿನ ಕಾಪಿರೈಟ್ ಸಾಲನ್ನ ಹಾಗೇ ಉಳಿಸಬೇಕು. ಅಳಿಸಿದ್ದು ಗೊತ್ತಾದ್ರೆ ಲೀಗಲ್ ಟೀಮು ಮೈಮೇಲೆ ಬರುತ್ತೆ. ಅದೇ ಜನ ಆವತ್ತು ಜಾಕೆಟ್ ನೋಡಿ ಚಪ್ಪಾಳೆ ತಟ್ಟಿದ್ರು.

ನಾನೇನು ಸಾಚಾ ಅಲ್ಲ. ಮಸ್ಕಿ-ಲಿಂಗಸುಗೂರು ಬಸ್ಸಿನಲ್ಲಿ ಫೇಟಿಯಾ ಉಟ್ಟವರು ಹತ್ತಿದರೆ ನಕ್ಕ ಹುಡುಗರಲ್ಲಿ ನಾನೂ ಒಬ್ಬ. ಬಿಇ ಓದುವಾಗ ನನ್ನ ರೂಮ್‌ಮೇಟ್ ತಾಂಡಾದವನು. ಕಾಲೇಜ್ ಡೇಗೆ ಅವನ ಯಾಡಿ, ಅಂದ್ರೆ ತಾಯಿ, ಬರ್ತೀನಿ ಅಂದಾಗ ಫೋನಿನಲ್ಲಿ "ಸೀರಿ ಉಟ್ಕೊಂಡ್ ಬಾ" ಅಂತ ಹೇಳಿದ. ನಾನು ಪಕ್ಕದಲ್ಲೇ ಇದ್ದೆ, ಸುಮ್ನಿದ್ದೆ. ಅವರು ಯಾರದೋ ಸೀರೆ ಉಟ್ಟು ಬಂದ್ರು. ಇಡೀ ದಿನ ನೆರಿಗೆ ಹಿಡ್ಕೊಂಡೇ ಓಡಾಡಿದ್ರು. ಅದೇ ಬಟ್ಟೆ ಈಗ ಸ್ಟೇಜ್ ಮೇಲೆ ಮಿಂಚುತ್ತೆ, ಉಟ್ಟವರನ್ನ ಬಿಟ್ಟು.

ಬಳಸಬೇಡಿ ಅನ್ನಲ್ಲ. ಬಳಸಿ. ಹಳೇದು ಕತ್ತರಿಸೋ ಬದಲು ಹೊಸದು ಹೊಲಿಸಿ, ಅವರು ಹೇಳಿದ ದರ ಕೊಡಿ. ಸ್ಟೈಲಿಸ್ಟ್ ಫೀಸಿಗೆ ಚೌಕಾಸಿ ಮಾಡದವರು ತಿಂಗಳುಗಟ್ಟಲೆ ಸೂಜಿ ಹಿಡಿದವಳ ಹತ್ರ ಯಾಕೆ ಮಾಡ್ತೀರಿ? ಪರದೆ ಮೇಲೆ ಅವರ ಹೆಸರು, ತಾಂಡಾ, ತಾಲೂಕು ಹಾಕಿ. ಮೂರು ಸೆಕೆಂಡಿನ ಕೆಲಸ.

ಆ ಜಾಕೆಟ್ಟಿನ ಫೋಟೋ ಗೆಳೆಯನಿಗೆ ಕಳಿಸಿದ್ದೆ. ಅವನು ಯಾಡಿಗೆ ತೋರಿಸಿದನಂತೆ. "ಚಲೋ ಇತ್ತಲ್ಲೋ ತಮ್ಮಾ, ಕತ್ತರಿಸಿದ್ಯಾಕ?" ಅಂದ್ರಂತೆ.

ಈ ವರ್ಷದ ಶೀಟು ಮೊನ್ನೆ ಬಂತು. 'ವೆಂಡರ್' ಪಕ್ಕದಲ್ಲಿ 'ಹೊಲಿದವರು' ಅಂತ ಒಂದು ಕಾಲಂ ಸೇರಿಸಿ ವಾಪಸ್ ಕಳಿಸಿದೀನಿ. ಇನ್ನೂ ಖಾಲಿ ಇದೆ. ತುಂಬೋವರೆಗೆ ಬಿಲ್ಲಿಗೆ ನಾನು ಅಪ್ರೂವ್ ಒತ್ತಲ್ಲ.