ಅದು ಅಂಜುಬುರುಕತನವಲ್ಲ

ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಡವ ಎನ್ನುವುದು ಸಹಜ. ಪರೀಕ್ಷೆ ಮುಗಿದು ತಿಂಗಳುಗಳಾದರೂ ಅದು ನಿಲ್ಲದಿದ್ದರೆ? ‘ಅಂಜುಬುರುಕ’ ಎಂದು ಮನೆಯವರು ಗದರುತ್ತಾರೆ. ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಇಂಥವರು ಆಸ್ಪತ್ರೆಯ ದಾಖಲೆಗಳಲ್ಲಿ ಸಿಗರು. ಮನೆಬಾಗಿಲಿಗೇ ಹೋಗಿ ಕೇಳಬೇಕು.

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ದು ಇದನ್ನೇ. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

‘ನನಗೊಬ್ಬನಿಗೇ ಹೀಗೆ’ ಎನ್ನುವವನಿಗೆ ಈ ಲೆಕ್ಕವೇ ಮೊದಲ ಸಾಂತ್ವನ. ಎರಡನೆಯದು 2022ರಲ್ಲಿ ಆರಂಭವಾದ ಟೆಲಿ-ಮಾನಸ್: 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ.

ಮಗ ಮಂಕಾಗಿದ್ದರೆ ಗದರುವ ಮುನ್ನ ಪಕ್ಕದಲ್ಲಿ ಕೂತು ಕೇಳಿ.